ತಾಷ್ಕೆಂಟಿನಲ್ಲಿ ನಮ್ಮತ್ತೆಯ ವೇಗ

ತರೀಕೆರೆ: ಟೈರ್ ಅಂಗಡಿಯ ಮಹಡಿ

ವಿದೇಶಕ್ಕೆ ಹೋಗಿ ಬಂದವರೆಲ್ಲ ವಿಮಾನದಿಂದ ಕಥೆ ಶುರು ಮಾಡುತ್ತಾರೆ. ನಾನು ಪಂಕ್ಚರ್ ಆದ ಬಸ್ಸಿನಿಂದ ಶುರು ಮಾಡಬೇಕು. ತಾಷ್ಕೆಂಟಿಗೆ ನಮ್ಮ ದಾರಿ ಹೊರಟದ್ದು ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗುವ ರಸ್ತೆಯಲ್ಲಿ, ಒಂದು ಬೇವಿನ ಮರದ ಕೆಳಗೆ ಕೆಟ್ಟು ನಿಂತ ಸರ್ಕಾರಿ ಬಸ್ಸಿನಿಂದ.

ಆ ಬಸ್ಸಿನ ಕಂಡಕ್ಟರ್ ನಮ್ಮ ಸೋದರತ್ತೆ ಪುಟ್ಟಗೌರಮ್ಮ. ಅಜ್ಜಂಪುರದವಳು, ವಯಸ್ಸು ನಲವತ್ತು ದಾಟಿದೆ, ಎಷ್ಟು ದಾಟಿದೆ ಎಂದು ಕೇಳಿದವರಿಗೆ ಟಿಕೆಟ್ ಹರಿದು ಕೊಟ್ಟು ಮುಂದಕ್ಕೆ ಹೋಗುತ್ತಾಳೆ. ಅವತ್ತು ಡ್ರೈವರ್‌ಗೆ ಸೊಂಟ ಹಿಡಿದಿತ್ತು. ಚಕ್ರ ಬದಲಾಯಿಸಲು ಯಾರು ಇಳಿಯಬೇಕು ಎಂದು ಬಸ್ಸಿನ ಗಂಡಸರೆಲ್ಲ ಬಹಳ ಗಂಭೀರವಾಗಿ ಚರ್ಚೆ ಮಾಡುತ್ತಿದ್ದರು. ಚರ್ಚೆ ಒಂದು ತೀರ್ಮಾನಕ್ಕೆ ಬರುವ ಮೊದಲೇ ಅತ್ತೆ ಸ್ಟೆಪ್ನಿಯನ್ನು ಎಳೆದು, ಎತ್ತಿ, ನೆಟ್ಟಗೆ ನಿಲ್ಲಿಸಿ, ಕೈ ಒರೆಸಿಕೊಂಡಿದ್ದಳು.

ಕಿಟಕಿಯಿಂದ ಇದನ್ನು ನೋಡಿದವರು ರಹಮತ್ ಸಾರ್. ತರೀಕೆರೆಯಲ್ಲಿ ಟೈರ್ ಅಂಗಡಿಯ ಮಹಡಿಯ ಮೇಲೆ ಜಿಮ್ ಇಟ್ಟುಕೊಂಡು, ಊರಿನ ಹುಡುಗರಿಗೆ ಭಾರ ಎತ್ತುವುದು ಕಲಿಸುವವರು. ಅವರು ಇಳಿದು ಬಂದು ಕೇಳಿದರು.

"ಭಾರ ಇತ್ತೇನಮ್ಮಾ?"

"ಪರವಾಗಿಲ್ಲ," ಅಂದಳು ಅತ್ತೆ.

ಆ ಒಂದು ಮಾತಿಗೆ ಸಾರ್ ಮರುಳಾದರು. ಆಮೇಲೆ ಅದೇ ಮಾತಿನಿಂದ ಅವರಿಗೆ ತಲೆ ಕೆಟ್ಟಿತು. ಅತ್ತೆ ಡ್ಯೂಟಿ ಮುಗಿಸಿ ಜಿಮ್ಮಿಗೆ ಬರತೊಡಗಿದಳು. ನೆಲದ ಮೇಲಿನ ಸರಳನ್ನು ತೊಡೆಯವರೆಗೆ ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್ ಎಂಬ ವಿದ್ಯೆಯನ್ನು ಬೇಗ ಕಲಿತಳು. ಅರವತ್ತು ಕೆಜಿ ಎತ್ತಿದಾಗ "ಹೇಗಿತ್ತು?" ಅಂದರೆ ಪರವಾಗಿಲ್ಲ. ತೊಂಬತ್ತು ಎತ್ತಿದಾಗಲೂ ಪರವಾಗಿಲ್ಲ. ಕಣ್ಣು ಕೆಂಪಾಗಿ, ಕತ್ತಿನ ನರ ಹಗ್ಗದಂತಾಗಿ, ನೂರ ಹತ್ತು ಎತ್ತಿದಾಗಲೂ ಪರವಾಗಿಲ್ಲ. ಬೇರೆ ಕಡೆ ಎತ್ತುವವರು ಹತ್ತಕ್ಕೆ ಇಷ್ಟು ಕಷ್ಟ ಎಂದು ಅಂಕ ಕೊಡುತ್ತಾರಂತೆ, ಅದನ್ನು ನೋಡಿ ಗುರು ಮುಂದಿನ ಭಾರ ಗೊತ್ತು ಮಾಡುತ್ತಾರಂತೆ. ನಮ್ಮ ಕಡೆ ಅದು ನಡೆಯುವ ಮಾತೇ ಅಲ್ಲ. ಹಸಿವಾಗಿದೆಯಾ ಎಂದು ಕೇಳಿದರೂ, ಜ್ವರ ಹೇಗಿದೆ ಎಂದು ಕೇಳಿದರೂ, ಕಾಲಿನ ಮೇಲೆ ಗಾಡಿ ಹತ್ತಿಸಿ ಸಾರಿ ಅಂದರೂ, ಕಡೂರು ಸೀಮೆಯಲ್ಲಿ ಉತ್ತರ ಒಂದೇ.

ಹಾಗಾಗಿ ಸಾರ್ ಡಬ್ಬಿ ತಂದರು.

ಡಬ್ಬಿ ಎಂದರೆ ಟಿಫನ್ ಡಬ್ಬಿಯಷ್ಟು ಗಾತ್ರದ ಒಂದು ಯಂತ್ರ. ನೆಲದ ಮೇಲೆ ಕೂರುತ್ತದೆ. ಅದರ ಹೊಟ್ಟೆಯೊಳಗೆ ಸ್ಪ್ರಿಂಗಿಗೆ ಸುತ್ತಿದ ಒಂದು ತೆಳ್ಳನೆಯ ದಾರ. ದಾರದ ತುದಿಯನ್ನು ಸರಳಿಗೆ ಕಟ್ಟಿ ಎತ್ತಿದರೆ, ದಾರ ಎಷ್ಟು ಬೇಗ ಹೊರಗೆ ಬಂತು ಎಂಬುದರಿಂದ ಸರಳಿನ ವೇಗ ಮೊಬೈಲಿನಲ್ಲಿ ಕಾಣುತ್ತದೆ. ಗುರಿಗಿಂತ ಜೋರಾಗಿ ಎತ್ತಿದರೆ ಮೇಲೆ ಮುಟ್ಟಿದ ತಕ್ಷಣ 'ಟೀಂಕ್' ಅನ್ನುತ್ತದೆ. ನಿಧಾನವಾದರೆ ಎಮ್ಮೆ ಮುಕ್ಕರಿಸಿದ ಹಾಗೆ 'ಬ್ರೂಂಪ್'.

"ಭಾರ ಜಾಸ್ತಿ ಆದಂಗೆ ವೇಗ ಕಮ್ಮಿ ಆಗ್ತದೆ," ಎಂದು ಸಾರ್ ಪಾಠ ಮಾಡಿದರು. "ವೇಗ ಎಷ್ಟು ಉಳಿದಿದೆ ಅಂತ ಗೊತ್ತಾದ್ರೆ, ಮೈಯಲ್ಲಿ ಇನ್ನೆಷ್ಟು ಕೆಜಿ ಉಳಿದಿದೆ ಅಂತ ಗೊತ್ತಾಗ್ತದೆ. ಈಯಮ್ಮನ ಬಾಯಿ ನಂಬಿ ನಾನು ಕೆಟ್ಟೆ. ಇನ್ಮೇಲೆ ದಾರ ಹೇಳಿದ್ದೇ ಮಾತು."

ಡಬ್ಬಿಯ ಮುಂದೆ ಕೂತು ಅಂಕೆ ಓದುವ ಕೆಲಸ ನನಗೆ ಬಂತು. ನಾನು ಮಂಜ, ಕಡೂರಿನವನು. ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಯಾರ ಸ್ವರ ಬೇಕಾದರೂ ತೆಗೆಯುತ್ತೇನೆ, ನನ್ನದೇ ಸ್ವರ ಯಾವುದು ಎಂದು ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. ಭಾರ ಎತ್ತುವುದಕ್ಕೂ ನನಗೂ ಇರುವ ಸಂಬಂಧವನ್ನು ಡಬ್ಬಿಯೇ ಒಂದು ದಿನ ಇತ್ಯರ್ಥ ಮಾಡಿತು. ನಾನು ಕಷ್ಟಪಟ್ಟು ಒಂದು ಸಲ ಎತ್ತಿದೆ, ಮೊಬೈಲಿನಲ್ಲಿ ಏನೂ ಬರಲಿಲ್ಲ. ಚಲನೆ ಎಂಬುದು ನಡೆದೇ ಇಲ್ಲ ಎಂದು ಅದು ತಿಳಿದುಕೊಂಡಿತ್ತು. ಆ ಸಿಟ್ಟಿಗೆ ನಾನು ಡಬ್ಬಿಯ ಸ್ವರವನ್ನೂ ಕಲಿತುಬಿಟ್ಟೆ. ನನ್ನ 'ಟೀಂಕ್' ಕೇಳಿ ಸಾರ್ ಎಷ್ಟೋ ಸಲ ಮೋಸ ಹೋಗಿದ್ದಾರೆ.

ಹೋದ ವರ್ಷದ ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ ಅತ್ತೆ ಎರಡನೆಯವಳಾಗಿ ಬಂದಳು. ವೇದಿಕೆಯ ಮೇಲೆ ಡಬ್ಬಿ ಇಡಲು ಬಿಡುವುದಿಲ್ಲ. ಕೊನೆಯ ಭಾರ ಎತ್ತಿ ಇಳಿದ ಅತ್ತೆಯ ಉಸಿರೂ ಏರಿರಲಿಲ್ಲ, ಇನ್ನೂ ಹತ್ತು ಕೆಜಿ ಅವಳ ಮೈಯಲ್ಲೇ ಉಳಿದಿತ್ತು. ಬಸ್ ಡಿಪೋದಲ್ಲಿ ಅವಳಿಗೆ 'ಸೆಕೆಂಡ್ ಟ್ರಿಪ್' ಎಂದು ಹೆಸರು ಬಿತ್ತು. ಅವಳು ಅದಕ್ಕೂ ಪರವಾಗಿಲ್ಲ ಅಂದಳು. ಆದರೆ ಆ ಸಲ ಮಾತ್ರ ಅವಳ ಮುಖದಲ್ಲಿ ಪರವಾಗಿತ್ತು.

"ನನ್ನ ಆಸೆ ಒಂದೇ ಕಣೋ," ಅಂದರು ರಹಮತ್ ಸಾರ್ ನನ್ನ ಹತ್ತಿರ. "ಆ ಮೆಡ್ಲು ಗಿಡ್ಲು ಆಮೇಲೆ. ಈಯಮ್ಮನ ಬಾಯಲ್ಲಿ ಒಂದೇ ಒಂದು ಸಲ 'ಭಾರ ಇತ್ತು' ಅನ್ನಿಸ್ಬೇಕು. ಅವತ್ತು ಪೂರ್ತಿ ಎತ್ತಿದಳು ಅಂತ ಅರ್ಥ."

ಅದಕ್ಕೆ ಸಿಕ್ಕ ಅವಕಾಶವೇ ತಾಷ್ಕೆಂಟ್. ನಲವತ್ತು ದಾಟಿದ ಹೆಂಗಸರ ಏಷ್ಯಾ ಮಟ್ಟದ ಡೆಡ್‌ಲಿಫ್ಟ್ ಸ್ಪರ್ಧೆ. ಆದರೆ ಸ್ಪರ್ಧೆಯ ದಿನವೇ ಸಾರ್ ಮಗಳ ನಿಕಾ. ಹಾಗಾಗಿ ಜೊತೆಗೆ ಹೊರಟವನು ನಾನು. ಸಾರ್ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

"ಮಗಳನ್ನ ಬೀಗರ ಕೈಗೆ ಕೊಡ್ತಾ ಇದೀನಿ, ಇದನ್ನ ನಿನ್ನ ಕೈಗೆ. ಬೀಗರ ಬಗ್ಗೆ ನಂಗೆ ಚಿಂತೆ ಇಲ್ಲ."

ತಾಷ್ಕೆಂಟ್: ಎದೆಯ ಮೇಲೆ ಕೈ

ಇಳಿದ ಕೂಡಲೇ ಹೋಟೆಲಿನವನು ಬಲಗೈಯನ್ನು ಎದೆಯ ಮೇಲಿಟ್ಟು ಸ್ವಲ್ಪ ಬಾಗಿದ. ಅತ್ತೆ ನನ್ನನ್ನು ತಿವಿದಳು.

"ಪಾಪ, ಎದೆ ನೋವು ಕಾಣ್ತದೆ ಕಣೋ. ನೀರು ಕೊಡು."

ನಾನು ನೀರಿನ ಬಾಟಲಿ ಚಾಚಿದೆ. ಅವನು ತೆಗೆದುಕೊಂಡು ಮತ್ತೊಮ್ಮೆ ಎದೆಯ ಮೇಲೆ ಕೈ ಇಟ್ಟ. ಅಷ್ಟರಲ್ಲಿ ಬಾಗಿಲಲ್ಲಿದ್ದವನೂ ಇಟ್ಟ, ಟ್ಯಾಕ್ಸಿಯವನೂ ಇಟ್ಟ. ಇಡೀ ಊರಿಗೇ ಹೃದಯದ ತೊಂದರೆಯಲ್ಲ, ಅದು ಅವರ ನಮಸ್ಕಾರ ಎಂದು ನಮಗೆ ಅರ್ಥವಾಗುವಾಗ ಬಾಟಲಿ ಖಾಲಿಯಾಗಿತ್ತು.

ಎರಡನೆಯ ಸೋಜಿಗ ಇನ್ನೂ ದೊಡ್ಡದು. ಅಲ್ಲಿ ಧನ್ಯವಾದಕ್ಕೆ 'ರಹಮತ್' ಅನ್ನುತ್ತಾರೆ. ಅಂಗಡಿಯಲ್ಲಿ ರಹಮತ್, ಬಾಗಿಲು ಹಿಡಿದರೆ ರಹಮತ್, ದಾರಿ ಬಿಟ್ಟರೆ ರಹಮತ್. ಜಿಮ್ಮಿನ ಅಭ್ಯಾಸಬಲದಿಂದ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅತ್ತೆ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದಳು. ಒಂದೇ ದಿನದಲ್ಲಿ ಅವಳ ನಿಲುವು ಎಷ್ಟು ಸುಧಾರಿಸಿತೆಂದರೆ, ಸಾರ್ ಬಂದಿದ್ದರೂ ಅಷ್ಟು ಆಗುತ್ತಿರಲಿಲ್ಲ.

ಸ್ಪರ್ಧೆಯ ಸಭಾಂಗಣ ನೋಡಿಕೊಂಡು ಬರೋಣವೆಂದು ಸಿಟಿ ಬಸ್ ಹತ್ತಿದೆವು. ಹತ್ತಿದ್ದೇ ತಡ, ಒಬ್ಬ ಹುಡುಗ ಎದ್ದು ಅತ್ತೆಗೆ ಸೀಟು ಬಿಟ್ಟ. ಅತ್ತೆ ಬೇಡವೆಂದಳು. ಹಿಂದಿನ ಸೀಟಿನ ಇನ್ನೊಬ್ಬ, ಇವಳಿಗೆ ಆ ಸೀಟು ಹಿಡಿಸಲಿಲ್ಲವೇನೋ ಎಂದು ತನ್ನದನ್ನು ಬಿಟ್ಟ. ಅದೂ ಬೇಡವೆಂದಳು. ಇನ್ನೊಬ್ಬನೂ ಎದ್ದ. ಮೂರು ಜನ ನಿಂತರು, ಮೂರು ಸೀಟು ಖಾಲಿ, ಅತ್ತೆಯೂ ನಿಂತೇ ಇದ್ದಾಳೆ.

"ಕೂತ್ಕೊಳೇ ಅತ್ತೆ, ನಮ್ಮ ಮಾನ ಹೋಗ್ತದೆ."

"ಓಡೋ ಬಸ್ಸಲ್ಲಿ ಕೂತ್ರೆ ನಂಗೆ ತಲೆ ತಿರುಗ್ತದೆ ಕಣೋ. ಸರ್ವೀಸಿಗೆ ಸೇರಿದ ಮೇಲೆ ಕೂತಿದ್ದೇ ಇಲ್ಲ."

ನಮ್ಮ ಬಸ್ಸಿನಲ್ಲಾದರೆ ಕರ್ಚೀಫು ಎಸೆದು ಸೀಟು ಹಿಡಿದವನು ಸ್ವಂತ ಅಜ್ಜಿ ಬಂದರೂ ಕಿಟಕಿಯ ಹೊರಗೆ ನೋಡುತ್ತಾನೆ. ಕರ್ಚೀಫಿನವರ ಪೈಕಿ ನಾನೂ ಒಬ್ಬ, ಆದ್ದರಿಂದ ಹೆಚ್ಚು ಹೇಳುವುದಿಲ್ಲ. ಮುಂದಿನ ನಿಲ್ದಾಣದಲ್ಲಿ ಜನ ಹತ್ತಿ ಮುಗಿದರು. ಬಾಗಿಲ ಬಳಿ ನಿಂತಿದ್ದ ಅತ್ತೆ ತನಗೇ ಗೊತ್ತಿಲ್ಲದೆ "ರೈಟ್" ಅಂದಳು. ಅದೇ ಕ್ಷಣಕ್ಕೆ ಬಾಗಿಲು ಮುಚ್ಚಿ ಬಸ್ಸು ಹೊರಟಿತು.

"ನೋಡಿದ್ಯಾ," ಅಂದಳು. "ಭಾಷೆ ಗೀಷೆ ಏನೂ ಬೇಕಾಗಿಲ್ಲ."

ಹೋಟೆಲ್ ಕೋಣೆ: ಗಟ್ಟಿ ದಾರ

ಸ್ಪರ್ಧೆಯ ಬೆಳಗ್ಗೆ ಡಬ್ಬಿಯನ್ನು ತರಲು ಅತ್ತೆಯ ಕೋಣೆಗೆ ಹೋದೆ. ಅದನ್ನು ಅಲ್ಲೇ ಇಟ್ಟಿದ್ದೆವು, ಏಕೆಂದರೆ ನನ್ನ ಕೋಣೆಯಲ್ಲಿ ನಾನಿರುತ್ತೇನೆ, ಅಲ್ಲಿ ಯಾವ ವಸ್ತುವೂ ಕ್ಷೇಮವಲ್ಲ ಎಂದು ಸಾರ್ ಹೇಳಿ ಕಳಿಸಿದ್ದರು.

ಬಾಗಿಲು ತೆರೆದಾಗ ಕಂಡದ್ದು ಇದು. ಡಬ್ಬಿ ಮೇಜಿನ ಕಾಲಿಗೆ ಒರಗಿಕೊಂಡಿದೆ. ಅದರ ದಾರ ಕೋಣೆಯ ಉದ್ದಕ್ಕೂ ಹೋಗಿ ಕಿಟಕಿಯ ಹಿಡಿಗೆ ಬಿಗಿದಿದೆ. ದಾರದ ಮೇಲೆ ಒಂದು ಟವೆಲ್, ಎರಡು ಬ್ಲೌಸು, ಮಂಡಿಯವರೆಗೆ ಬರುವ ಸ್ಪರ್ಧೆಯ ಕಾಲುಚೀಲ, ಒಂದು ಲಂಗ. ಎಲ್ಲವೂ ನೆಲ ಗುಡಿಸುತ್ತಿವೆ.

"ಅತ್ತೆ, ಇದೇನಿದು?"

"ಬಟ್ಟೆ ಒಣಗಾಕಿದೀನಿ. ಇಷ್ಟು ದೊಡ್ಡ ಹೋಟ್ಲು ಕಟ್ಟಿ ಒಂದು ಹಗ್ಗ ಕಟ್ಟಿಲ್ವಲ್ಲೋ ಇವರು."

"ಅದು ಡಬ್ಬಿ ದಾರ."

"ಹೂಂ. ಒಳ್ಳೆ ಗಟ್ಟಿ ಐತೆ ಅಂತ್ಲೇ ಕಟ್ಟಿದ್ದು."

ಬಟ್ಟೆ ತೆಗೆದು ಗಂಟು ಬಿಚ್ಚಿದೆವು. ದಾರ ಎಂದಿನಂತೆ ಸರ್ರನೆ ಒಳಗೆ ಹೋಗಲಿಲ್ಲ. ದುಡಿದು ದಣಿದ ಎತ್ತಿನ ನಾಲಗೆಯ ಹಾಗೆ ಹೊರಗೇ ಜೋತುಬಿದ್ದಿತ್ತು. ರಾತ್ರಿಯಿಡೀ ಒದ್ದೆ ಬಟ್ಟೆ ಹೊತ್ತು ಒಳಗಿನ ಸ್ಪ್ರಿಂಗ್ ಪ್ರಾಣ ಬಿಟ್ಟಿತ್ತು. ನಾನು ಅಲ್ಲಾಡಿಸಿದೆ, ತಟ್ಟಿದೆ, ಊದಿದೆ. ಮೊಬೈಲಿನಲ್ಲಿ ಒಂದು ಸೊನ್ನೆ ಮೂಡಿ ನಿಂತಿತು.

ಅತ್ತೆ ಕಾಲುಚೀಲ ಹಿಂಡುತ್ತಾ ಮಂಚದ ತುದಿಯಲ್ಲಿ ಕೂತಳು. ವೇದಿಕೆಗೆ ಹೋಗುವ ಮೊದಲು ಪಕ್ಕದ ಕೋಣೆಯಲ್ಲಿ ಸಣ್ಣ ಭಾರಗಳನ್ನು ಎತ್ತಿ ಮೈ ಬಿಸಿ ಮಾಡುತ್ತಾರೆ. ಆಗ ಡಬ್ಬಿ ತೋರಿಸುವ ವೇಗವನ್ನು ನಾನು ಸಾರ್‌ಗೆ ಫೋನಿನಲ್ಲಿ ಓದಬೇಕಿತ್ತು. ಅದನ್ನು ನೋಡಿ ಅವರು ವೇದಿಕೆಯ ಮೊದಲ ಭಾರ ಬಿಟ್ಟು ಉಳಿದ ಎರಡನ್ನು ಹೇಳುವುದು ಎಂದು ಮಾತಾಗಿತ್ತು. ಈಗ ಡಬ್ಬಿ ಇಲ್ಲ. ಉಳಿದದ್ದು ಅತ್ತೆಯ ಬಾಯಿ, ಅದು ಹೇಳುವುದು ಒಂದೇ ಮಾತು.

"ಸಾರ್‌ಗೆ ಹೇಳೋದಾ?" ಅಂದೆ.

"ಮಗಳ ಮದುವೆ ದಿವ್ಸ ಯಾಕೋ ಹೊಟ್ಟೆ ಉರ್ಸೋದು. ನೀನು ದಿನಾ ಅದರಂಗೇ ಕೂಗ್ತೀಯಲ್ಲ. ಇವತ್ತು ನೀನೇ ಕೂಗು."

"ನಾನು ಕೂಗೋದು ತಮಾಷೆಗೆ."

"ಇವತ್ತು ನಿಜಕ್ಕೆ ಕೂಗು. ನನ್ನ ಜೊತೆ ಎರಡು ವರ್ಸ ಕೂತು ನೋಡಿದೀಯ. ಜೋರಾಗಿ ಎತ್ತಿದ್ನಾ, ನಿಧಾನ ಆಯ್ತಾ, ಅಷ್ಟು ಗೊತ್ತಾಗಲ್ವಾ?"

ಬಿಸಿ ಮಾಡುವ ಕೋಣೆ: ರೊಟ್ಟಿ ಮತ್ತು ಗುಲ್ನೋರಾ

ಮೊದಲು ಮೈತೂಕ ನೋಡುವ ಕೆಲಸ. ತಕ್ಕಡಿಗೆ ಅವರು 'ತರೋಜಿ' ಅಂದರು. ರಹಮತ್ ಸಾರ್ ಮನೆಯಲ್ಲಿ ತರಾಜು ಅನ್ನುವುದು ಕೇಳಿದ್ದೆ, ಹಾಗಾಗಿ ನಾನು ದುಭಾಷಿಯ ಗತ್ತಿನಲ್ಲಿ ಅತ್ತೆಯನ್ನು ಅದರ ಮೇಲೆ ಹತ್ತಿಸಿದೆ.

ಅಲ್ಲೇ ಸಿಕ್ಕಿದವಳು ಗುಲ್ನೋರಾ. ಫರ್ಗಾನಾ ಕಡೆಯವಳು, ತಂದೂರಿನಲ್ಲಿ ರೊಟ್ಟಿ ಸುಟ್ಟು ಮಾರುವವಳು. ನಕ್ಕರೆ ಎರಡು ಚಿನ್ನದ ಹಲ್ಲು ಮಿಂಚುತ್ತಿದ್ದವು. ನಮ್ಮ ಹೆಂಗಸರು ಕಿವಿಗೆ, ಮೂಗಿಗೆ ಹಾಕುವುದನ್ನು ಅಲ್ಲಿನವರು ಬಾಯೊಳಗೇ ಇಟ್ಟುಕೊಳ್ಳುತ್ತಾರೆ. ಕಳ್ಳರ ಭಯ ಕಮ್ಮಿ. ಅವಳೂ ಅತ್ತೆಯೂ ಒಂದೇ ತೂಕದ ಗುಂಪು. ಚಿನ್ನ ಗೆಲ್ಲಬೇಕಾದರೆ ಇವಳನ್ನೇ ದಾಟಬೇಕು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅವಳು ಚೀಲದಿಂದ ತಟ್ಟೆಯಷ್ಟು ಅಗಲದ ರೊಟ್ಟಿ ತೆಗೆದು, ಕೈಯಲ್ಲಿ ಮುರಿದು, ನಮಗೂ ಕೊಟ್ಟಳು. ನಾನು ನನ್ನ ಚೂರನ್ನು ಬೆಂಚಿನ ಮೇಲೆ ಮಗುಚಿ ಇಟ್ಟೆ. ಅವಳು ಅದನ್ನು ಎತ್ತಿ, ಸರಿ ಮಾಡಿ, ಮುಖ ಮೇಲಾಗಿ ಇಟ್ಟಳು. ಅಲ್ಲಿ ರೊಟ್ಟಿಯನ್ನು ಬೋರಲು ಹಾಕುವಂತಿಲ್ಲ.

"ನೋಡು, ನಾವು ಕಸಬರಿಕೆ ತುಳಿದಂಗೆ," ಎಂದು ಅತ್ತೆ ನನ್ನ ತಲೆಗೆ ಮೊಟಕಿದಳು. ಅಷ್ಟಕ್ಕೆ ಇಬ್ಬರೂ ಗೆಳತಿಯರಾದರು.

ಬಿಸಿ ಮಾಡುವ ಸುತ್ತು ಶುರುವಾಯಿತು. ಅತ್ತೆ ಎತ್ತಿದಳು, ನಾನು 'ಟೀಂಕ್' ಅಂದೆ, ಅತ್ತೆ ಇಳಿಸಿದಳು. ಇನ್ನಷ್ಟು ಭಾರ, ಇನ್ನೊಂದು 'ಟೀಂಕ್'. ಸುತ್ತಲಿನವರು ತಿರುಗಿ ಯಂತ್ರ ಎಲ್ಲಿದೆ ಎಂದು ನೆಲದಲ್ಲಿ ಹುಡುಕಿದರು. ಒಬ್ಬ ದಪ್ಪ ಮೀಸೆಯ ತರಬೇತುದಾರ ಬೆಂಚಿನ ಕೆಳಗೆ ಬಗ್ಗಿ ನೋಡಿದ. ಯಂತ್ರ ನನ್ನ ಗಂಟಲಲ್ಲಿದೆ ಎಂದು ಗೊತ್ತಾದಾಗ ಅವನು ತನ್ನ ಹುಡುಗಿಗೂ ಕೂಗಬೇಕೆಂದು ಕೇಳಿಕೊಂಡ. ಅವಳು ನಿಧಾನ ಮಾಡಿದಳು, ನಾನು 'ಬ್ರೂಂಪ್' ಅಂದೆ. ಇಡೀ ಕೋಣೆ ನಕ್ಕಿತು. ನನಗೆ ಹೊಗಳಿಕೆ ತಲೆಗೆ ಏರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಗುಲ್ನೋರಾ ಅತ್ತೆಯ ಪ್ರತಿ ಸರದಿ ಆದ ಮೇಲೂ ಕೇಳುತ್ತಿದ್ದಳು, "ಒಗಿರ್?" ಭುಜ ಬಗ್ಗಿಸಿ, ಮುಖ ಕಿವುಚಿ ತೋರಿಸಿದ್ದರಿಂದ, ಒಗಿರ್ ಎಂದರೆ ಭಾರ ಎಂದು ತಿಳಿಯಿತು.

"ಪರವಾಗಿಲ್ಲ," ಅನ್ನುತ್ತಿದ್ದಳು ಅತ್ತೆ.

ಗುಲ್ನೋರಾಳಿಗೆ ಆ ಮಾತು ಬಹಳ ಹಿಡಿಸಿತು. ತಾನೂ ಎತ್ತಿ ಬಂದು "ಪರ್ವಾ ಗಿಲ್ಲಾ" ಎಂದು ಬೆಂಚಿನ ಮೇಲೆ ಕುಸಿದಳು.

ವೇದಿಕೆ: ಮೊದಲ ಸಲ

ಮೂರು ಸಲ ಎತ್ತಲು ಅವಕಾಶ. ಒಳ್ಳೆಯದಾಗಿ ಎತ್ತಿದ ಅತಿ ಹೆಚ್ಚು ಭಾರವೇ ಲೆಕ್ಕ. ಮೊದಲನೆಯದಕ್ಕೆ ನೂರ ಇಪ್ಪತ್ತೈದು ಎಂದು ಸಾರ್ ಊರಲ್ಲೇ ಹೇಳಿ ಕಳಿಸಿದ್ದರು.

ಅತ್ತೆ ಬಗ್ಗಿದಳು, ಹಿಡಿದಳು, ಎತ್ತಿದಳು. ಬಸ್ಸಿನ ಕಂಬಿ ಹಿಡಿದು ವರ್ಷಗಟ್ಟಲೆ ನಿಂತ ಕೈ, ಸರಳು ಅಲ್ಲಾಡಲಿಲ್ಲ. ಸೊಗಸಾಗಿ ಮೇಲೆ ಬಂತು. ತೊಡೆ ಮುಟ್ಟಿತು. ನನಗೆ ಆದ ಸಂತೋಷಕ್ಕೆ, ನನ್ನ ಅಪ್ಪಣೆಗೂ ಕಾಯದೆ, ನನ್ನ ಗಂಟಲು 'ಟೀಂಕ್' ಅಂದುಬಿಟ್ಟಿತು.

ಅತ್ತೆ ಇಳಿಸಿದಳು.

ಎರಡು ವರ್ಷ ಡಬ್ಬಿ ಕೂಗಿದ ಕೂಡಲೇ ಇಳಿಸಿ ಅಭ್ಯಾಸವಾದ ಮೈ. ಆದರೆ ವೇದಿಕೆಯ ಮೇಲೆ ಮುಂದೆ ಕೂತ ತೀರ್ಪುಗಾರ ಕೈ ಕೆಳಗೆ ಮಾಡಿ 'ಡೌನ್' ಅನ್ನುವವರೆಗೂ ಇಳಿಸುವಂತಿಲ್ಲ. ಅವನ ಕೈ ಇನ್ನೂ ಮೇಲೇ ಇತ್ತು. ಮೂರು ಕೆಂಪು ದೀಪ ಹತ್ತಿದವು, ಎತ್ತಿದ್ದು ಲೆಕ್ಕಕ್ಕಿಲ್ಲ.

ಅತ್ತೆ ನನ್ನ ಹತ್ತಿರ ಬಂದಳು. ಟಿಕೆಟ್ ತೆಗೆಯದೆ ಹಿಂದಿನ ಬಾಗಿಲಿಂದ ಇಳಿಯಲು ಹೋದವನನ್ನು ಹೇಗೆ ನೋಡುತ್ತಾಳೋ ಹಾಗೆ ನೋಡಿದಳು.

"ಲೇ ಮಂಜ. ಬಾಯಿ ಮುಚ್ಕೊಂಡಿರಕ್ಕೆ ಎಷ್ಟು ತಗೊತೀಯ?"

"ತಾನಾಗೇ ಬಂದ್ಬಿಡ್ತು ಅತ್ತೆ."

ಗುಲ್ನೋರಾ ಪಕ್ಕದಲ್ಲೇ ಇದ್ದಳು. ಏನಾಯಿತೆಂದು ಭಾಷೆ ಇಲ್ಲದೆಯೇ ಅವಳಿಗೆ ಅರ್ಥವಾಗಿತ್ತು. ಎದುರಾಳಿಯ ಜೊತೆಗಾರನಿಗೆ ಯಾರೂ ಮಾಡದ ಉಪಕಾರವನ್ನು ಅವಳು ಮಾಡಿದಳು. ರೊಟ್ಟಿಯ ದೊಡ್ಡ ಚೂರು ಮುರಿದು ನನ್ನ ಬಾಯಿಗೆ ತುರುಕಿದಳು.

ಎರಡನೆಯ ಸಲ

ಅದೇ ನೂರ ಇಪ್ಪತ್ತೈದನ್ನು ಮತ್ತೆ ಬರೆಸಿದೆವು. ಇದೂ ಕೆಟ್ಟರೆ ಮೂರನೆಯದಕ್ಕೆ ಅರ್ಥವೇ ಇರುವುದಿಲ್ಲ. ವೇಗ ಲೆಕ್ಕ ಹಾಕಲು ವೀಡಿಯೊ ಆದರೂ ಇರಲಿ ಎಂದು ಮೊಬೈಲನ್ನು ಮೀಸೆಯ ತರಬೇತುದಾರನ ಕೈಗೆ ಕೊಟ್ಟು, ನಾನು ಎರಡೂ ಕೈಯಿಂದ ನನ್ನ ಬಾಯಿ ಹಿಡಿದುಕೊಂಡು ನಿಂತೆ.

ಅತ್ತೆ ಎತ್ತಿದಳು. ಕಾದಳು. 'ಡೌನ್' ಅಂದ ಮೇಲೆ ಇಳಿಸಿದಳು. ಮೂರು ಬಿಳಿ ದೀಪ.

ವೀಡಿಯೊ ನೋಡಿದೆ. ಅದರಲ್ಲಿ ಮೊದಲಿಂದ ಕೊನೆಯವರೆಗೂ ಇದ್ದವನು ನಾನು, ಬಾಯಿ ತುಂಬ ರೊಟ್ಟಿ, ಕಣ್ಣು ಹೊರಗೆ. ಹಿನ್ನೆಲೆಯಲ್ಲಿ ಮೀಸೆಯವನ ನಗು ಬಿಟ್ಟು ಬೇರೆ ಶಬ್ದವಿಲ್ಲ. ಅತ್ತೆ ಅವನಿಗೆ ಮುಖ್ಯವಾಗಿ ಕಂಡಿರಲಿಲ್ಲ.

ಮೂರನೆಯ ಭಾರವನ್ನು ಒಂದು ನಿಮಿಷದೊಳಗೆ ಹೇಳಬೇಕು. ಸದ್ಯಕ್ಕೆ ಅತ್ತೆ ಮೂರನೆಯ ಸ್ಥಾನ. ನೂರ ಮೂವತ್ತು ಬರೆಸಿದರೆ ಬೆಳ್ಳಿ ಬರುವುದು ಹೆಚ್ಚು ಕಡಿಮೆ ಖಂಡಿತ, ಮತ್ತೆ 'ಸೆಕೆಂಡ್ ಟ್ರಿಪ್'. ಗುಲ್ನೋರಾ ಕೊನೆಯದಕ್ಕೆ ನೂರ ಮೂವತ್ತೈದು ಬರೆಸಿಯಾಗಿತ್ತು. ಅವಳನ್ನು ದಾಟಲು ನೂರ ಮೂವತ್ತೇಳೂವರೆ ಬೇಕು. ಅತ್ತೆ ಅಷ್ಟನ್ನು ಜೀವನದಲ್ಲಿ ಎತ್ತಿಲ್ಲ.

"ಹೇಗಿತ್ತು ಅತ್ತೆ?"

"ಪರವಾಗಿಲ್ಲ."

ನಾನು ಸಾರ್‌ಗೆ ಫೋನ್ ಮಾಡಿದೆ. ಆ ಕಡೆ ಶಾದಿ ಮಹಲಿನ ಗದ್ದಲ, ತಟ್ಟೆಗಳ ಸದ್ದು.

"ಬೇಗ ಹೇಳೋ. ಖಾಜಿ ಸಾಹೇಬ್ರು ಬಂದು ಕೂತಿದಾರೆ. ವೇಗ ಎಷ್ಟು?"

"ಸಾರ್, ಡಬ್ಬಿ ಹೋಯ್ತು."

"ಕಹಾಂ ಗಯಾ?"

"ಅತ್ತೆ ಅದರ ಮೇಲೆ ಲಂಗ ಒಣಗಾಕ್ಬಿಟ್ಲು ಸಾರ್."

ಆಮೇಲೆ ಸಾರ್ ಮಾತಾಡಿದ ಸ್ವರವನ್ನು ನಾನು ಇವತ್ತಿಗೂ ಯಾರೆದುರಿಗೂ ಮಾಡಿ ತೋರಿಸಿಲ್ಲ.

"ನೀನು ನೋಡಿದೆಯಾ, ಎತ್ತಿದ್ದು?"

"ನೋಡಿದೆ ಸಾರ್. ಅಂದಾಜು ಹೇಳೋದಾದ್ರೆ..."

"ಅಂದಾಜು ನಕ್ಕೋ, ಬೇಡ. ಮಾಡಿ ತೋರ್ಸು. ಅವಳು ಉಸಿರು ಬಿಟ್ಟಿದ್ದು, ಎತ್ತಿದ್ದು, ಮೇಲೆ ನಿಂತಿದ್ದು. ಎಷ್ಟಿತ್ತೋ ಅಷ್ಟೇ. ಒಂದು ಚೂರು ಜಾಸ್ತಿ ಬೇಡ."

ಮಿಮಿಕ್ರಿ ಮಾಡುವವನಿಗೆ ಇದಕ್ಕಿಂತ ಕಷ್ಟದ ಮಾತಿಲ್ಲ. ನಮ್ಮ ಬದುಕು ನಡೆಯುವುದೇ ಆ 'ಒಂದು ಚೂರು ಜಾಸ್ತಿ'ಯಿಂದ. ಇದ್ದದ್ದನ್ನು ಇದ್ದಷ್ಟೇ ಮಾಡಿದರೆ ಯಾರೂ ನಗುವುದಿಲ್ಲ, ಯಾವ ಮದುವೆ ಮನೆಯವರೂ ಕರೆಯುವುದಿಲ್ಲ. ಬಾಯಲ್ಲಿ ಉಳಿದಿದ್ದ ರೊಟ್ಟಿ ನುಂಗಿ ಕಣ್ಣು ಮುಚ್ಚಿದೆ. ಅತ್ತೆ ಮೂಗಿನಿಂದ ಎಳೆದುಕೊಂಡ ಉಸಿರು. ನೆಲ ಬಿಟ್ಟಾಗ ಸರಳಿನ ಎರಡೂ ತುದಿಯ ಭಾರದ ಬಿಲ್ಲೆಗಳು ಮಾಡಿದ 'ಟಣ್'. ಮಂಡಿಯ ಹತ್ತಿರ ಸ್ವಲ್ಪ ದಪ್ಪಗಾದ 'ಹೂಂ...ಮ್'. ಮೇಲೆ ಸರಳು ನಿಂತಾಗಿನ ಸಣ್ಣ 'ಟಕ್'.

"ಇನ್ನೊಂದು ಸಲ," ಅಂದರು ಸಾರ್.

ಮತ್ತೆ ಮಾಡಿದೆ. ಆ ಕಡೆ ಯಾರೋ ಹಿರಿಯರು "ಯಾರಿಗೇನಾಯ್ತು?" ಎಂದು ಗಾಬರಿಯಿಂದ ಕೇಳಿದ್ದು ಕೇಳಿಸಿತು. ಖಾಜಿ ಸಾಹೇಬರೇ ಇರಬೇಕು.

"ಎರಡು ಸಲಾನೂ ಒಂದೇ ಬಂತು. ಒಂದೂವರೆ ಸೆಕೆಂಡ್," ಅಂದರು ಸಾರ್. ಗಡಿಯಾರ ನೋಡುತ್ತಿದ್ದರು. "ದೂರ ಏನೂ ಬದಲಾಗಲ್ಲ, ನೆಲದಿಂದ ಅವಳ ತೊಡೆ ಅರ್ಧ ಮೀಟರ್. ಅಂದ್ರೆ ವೇಗ ಸೊನ್ನೆ ಪಾಯಿಂಟ್ ಮೂವತ್ತಮೂರು. ಇಷ್ಟು ವೇಗ ಉಳಿದಿದ್ರೆ ಇನ್ನೂ ಹನ್ನೆರಡೂವರೆ ಕೆಜಿ ಇದೆ ಕಣೋ ಒಳಗೆ. ನೂರ ಮೂವತ್ತೇಳೂವರೆ ಬರ್ಸು."

"ಸಾರ್, ನಾನು ಮಾಡಿದ್ದು ಸ್ವಲ್ಪ ಆಚೀಚೆ ಆಗಿದ್ರೆ?"

"ನೀನು ಎರಡು ವರ್ಸದಿಂದ ನನ್ನನ್ನ ಟೀಂಕ್ ಅಂತ ಮೋಸ ಮಾಡಿದೀಯ. ಅಷ್ಟು ಸರಿಯಾಗಿ ಮೋಸ ಮಾಡೋನ ಕಿವಿ ತಪ್ಪಲ್ಲ. ಬರ್ಸು."

ಬರೆಸಿದೆ. ಅಂಕೆ ಹಲಗೆಯ ಮೇಲೆ ಬಂದಾಗ ಅತ್ತೆ ತಲೆಯೆತ್ತಿ ನೋಡಿದಳು.

"ಯಾರು ಹೇಳಿದ್ದು?"

"ಸಾರ್ ಹೇಳಿದ್ರು."

"ಅವರಿಗೆ ಯಾರು ಹೇಳಿದ್ದು?"

"ನಾನು."

ಒಂದು ಕ್ಷಣ ನನ್ನ ಮುಖ ನೋಡಿದಳು. ನಗು ಏನಾದರೂ ಇದೆಯಾ ಎಂದು ಹುಡುಕಿದಳು. ಸಿಗಲಿಲ್ಲ. "ಸರಿ ಹಂಗಾದ್ರೆ," ಎಂದು ಕೈಗೆ ಸುಣ್ಣದ ಪುಡಿಯಂಥ ಬಿಳಿ ಪುಡಿ ಮೆತ್ತಿಕೊಂಡಳು.

ಮೂರನೆಯ ಸಲ

ಗುಲ್ನೋರಾ ನೂರ ಮೂವತ್ತೈದನ್ನು ಎತ್ತಿದಳು. ಚಿನ್ನದ ಹಲ್ಲು ಕಚ್ಚಿಕೊಂಡು, ಇಡೀ ಸಭಾಂಗಣ ಅವಳ ಹೆಸರು ಕೂಗುವಾಗ, ಒಳ್ಳೆಯದಾಗಿಯೇ ಎತ್ತಿದಳು. ಇಳಿದು ಬಂದು ಅತ್ತೆಯ ಬೆನ್ನಿಗೆ ಒಂದು ಏಟು ಹಾಕಿ, "ಪರ್ವಾ ಗಿಲ್ಲಾ" ಅಂದಳು. ಆಮೇಲೆ ನನ್ನ ಬಾಯಿಗೆ ಇನ್ನೊಂದು ಚೂರು ತುರುಕಿದಳು.

ಅತ್ತೆ ಬಗ್ಗಿದಳು. ಸರಳು ಬಾಗಿತು, ಬಿಲ್ಲೆಗಳು ಮಾತ್ರ ನೆಲ ಬಿಡಲಿಲ್ಲ. ಬೇವಿನ ಮರದ ಕೆಳಗಿನ ಆ ಸ್ಟೆಪ್ನಿಯ ಹಾಗೆ, ತಾನು ಏಳಬೇಕೋ ಬೇಡವೋ ಎಂದು ಭಾರವೇ ಯೋಚಿಸುತ್ತಿತ್ತು. ಆಮೇಲೆ 'ಟಣ್'. ನೆಲ ಬಿಟ್ಟಿತು.

ಅಷ್ಟು ನಿಧಾನವಾದ ವಸ್ತುವನ್ನು ನಾನು ನೋಡಿದ್ದಿಲ್ಲ. ಬೀರೂರಿನಲ್ಲಿ ಇಂಜಿನ್ ಬದಲಾಯಿಸಿಕೊಂಡು ಹೊರಡುವ ಗೂಡ್ಸ್ ರೈಲಿನಂತೆ, ಹೊರಟಿದೆಯೋ ನಿಂತಿದೆಯೋ ಹೇಳಲಾಗದು. ಮಂಡಿಯ ಹತ್ತಿರ ಬಂದು ನಿಂತೇಬಿಟ್ಟಿತು ಅಂದುಕೊಂಡೆ. ಡಬ್ಬಿ ಇದ್ದಿದ್ದರೆ ಇಷ್ಟರಲ್ಲೇ ಬ್ರೂಂಪ್ ಎಂದು ಕೈ ಚೆಲ್ಲುತ್ತಿತ್ತು. ಅತ್ತೆಯ ಗಂಟಲಿಂದ ಒಂದು ಸ್ವರ ಹೊರಟಿತು. ಅವಳ ಬಾಯಲ್ಲಿ ಅದನ್ನು ಅದುವರೆಗೆ ಕೇಳಿರಲಿಲ್ಲ, ಆದ್ದರಿಂದ ಅದು ನನ್ನ ಸಂಗ್ರಹದಲ್ಲೂ ಇರಲಿಲ್ಲ. ಸರಳು ಮಂಡಿ ದಾಟಿತು. ತೊಡೆ ಹತ್ತಿತು. ಭುಜ ಹಿಂದಕ್ಕೆ ಹೋಯಿತು. ಅತ್ತೆ ನೆಟ್ಟಗೆ ನಿಂತಳು, ಯಾರೋ ರಹಮತ್ ಎಂದು ಕರೆದ ಹಾಗೆ.

ತೀರ್ಪುಗಾರ ಕೈ ಇಳಿಸಿ 'ಡೌನ್' ಅಂದ.

ಅತ್ತೆ ಇಳಿಸಲಿಲ್ಲ.

ಬೇಗ ಇಳಿಸಿ ಒಂದು ಸಲ ಕೆಟ್ಟವಳು, ಈಗ ನಂಬಿಕೆಯಿಲ್ಲ. ಅವನು ಇನ್ನೊಮ್ಮೆ 'ಡೌನ್' ಅಂದ, ಕೈಯನ್ನು ಇನ್ನೂ ಕೆಳಗೆ ಬೀಸಿದ. ಅತ್ತೆ ನೂರ ಮೂವತ್ತೇಳೂವರೆ ಕೆಜಿ ಹಿಡಿದುಕೊಂಡೇ ಕತ್ತು ಹೊರಳಿಸಿ ನನ್ನ ಕಡೆ ನೋಡಿದಳು. ನಾನು ರೊಟ್ಟಿ ತುಂಬಿದ ಬಾಯಲ್ಲಿ ತಲೆ ಆಡಿಸಿದೆ, ಒಂದು ಸಲವಲ್ಲ, ಕೋಲೆಬಸವನ ಹಾಗೆ ಆಡಿಸುತ್ತಲೇ ಇದ್ದೆ. ಆಗ ಇಳಿಸಿದಳು. ಕೈ ಬಿಡದೆ, ಸದ್ದಾಗದಂತೆ, ಪ್ರಯಾಣಿಕರ ಮೊಟ್ಟೆಯ ಬುಟ್ಟಿ ಇಳಿಸಿಕೊಟ್ಟ ಹಾಗೆ.

ಬಿಳಿ. ಬಿಳಿ. ಬಿಳಿ.

ಆಮೇಲೆ ಅಲ್ಲಿ ಆದ ಗದ್ದಲವನ್ನು ನಾನು ಈಗ ಮದುವೆ ಮನೆಗಳಲ್ಲಿ ಮಾಡಿ ತೋರಿಸುತ್ತೇನೆ, ಅದಕ್ಕೆ ಬೇರೆ ದುಡ್ಡು. ಮೀಸೆಯವನು ನನ್ನನ್ನು ಎತ್ತಿ ಸುತ್ತಿಸಿದ. ಸೋತ ಗುಲ್ನೋರಾ ಮೊದಲು ಓಡಿ ಬಂದು ಅತ್ತೆಯನ್ನು ತಬ್ಬಿಕೊಂಡಳು. ಅತ್ತೆ ಅವಳ ಹೆಗಲ ಮೇಲೆ ತಲೆಯಿಟ್ಟು ಉಸಿರಾಡುತ್ತಿದ್ದಳು.

"ಒಗಿರ್?" ಎಂದು ಕೇಳಿದಳು ಗುಲ್ನೋರಾ.

ಅತ್ತೆ ತಲೆ ಎತ್ತಲಿಲ್ಲ. "ಒಗಿರ್ ಕಣವ್ವಾ," ಅಂದಳು. "ಒಗಿರ್."

ನಾನು ಬಾಯೊಳಗಿನ ರೊಟ್ಟಿ ಹೇಗೋ ನುಂಗಿ ತರೀಕೆರೆಗೆ ಫೋನ್ ಹಚ್ಚಿದೆ. ನಿಕಾ ಮುಗಿದಿತ್ತು, ಎಲ್ಲರೂ ಮುಬಾರಕ್ ಹೇಳುತ್ತಿದ್ದರು.

"ಬಂತು ಸಾರ್," ಅಂದೆ. "ಚಿನ್ನ. ಎತ್ತಿದ್ದು ಹೇಗಿತ್ತು ಅಂತ ಮಾಡಿ ತೋರಿಸ್ಲಾ?"

"ನಕ್ಕೋ. ನಿನ್ನ ಮಾತು ಸಾಕು. ಆಯಮ್ಮನ ಕೈಗೆ ಕೊಡು."

ಅತ್ತೆ ಬಿಳಿ ಪುಡಿ ಮೆತ್ತಿದ ಕೈಯಲ್ಲಿ ಫೋನ್ ಹಿಡಿದಳು. ಸಾರ್ ಮೊದಲ ದಿನ ಬೇವಿನ ಮರದ ಕೆಳಗೆ ಕೇಳಿದ್ದನ್ನೇ ಕೇಳಿದರು, ನನಗೂ ಕೇಳಿಸಿತು.

"ಭಾರ ಇತ್ತೇನಮ್ಮಾ?"

ಅತ್ತೆ ನನ್ನ ಮುಖ ನೋಡಿದಳು, ಗುಲ್ನೋರಾಳ ಮುಖ ನೋಡಿದಳು. ಎಡಗೈಯಿಂದ ಕಣ್ಣೊರೆಸಿಕೊಂಡಳು, ಕೆನ್ನೆಯೆಲ್ಲ ಬಿಳಿಯಾಯಿತು.

"ಹೂಂ ಸಾರ್," ಅಂದಳು. "ಭಾರ ಇತ್ತು."

ಆಮೇಲೆ ಸಾರ್ ಫೋನಿಂದ ಬಾಯಿ ದೂರ ಮಾಡಿ, ಶಾದಿ ಮಹಲಿನ ನೆಂಟರಿಗೆಲ್ಲ ಕೇಳುವ ಹಾಗೆ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.

"ಭಾರ ಇತ್ತಂತೆ ಕಣ್ರೀ."